ಗೈರು

ಅರವತ್ತೊಂದಕ್ಕಿಂತ ಮೊದಲು ನೀವಿಲ್ಲಿ ಇದ್ರಿ ಅನ್ನೂದಕ್ಕ
ಏನು ದಾಖಲೆ ಐತಿ, ಅಂದ.
ಮರಾಠಿಯೊಳಗ ಅಂದ. ನಾ ಕನ್ನಡದಾಗ ಕೇಳಿಸಿಕೊಂಡೆ.
ಸೊಲ್ಲಾಪುರದಾಗ ಹುಟ್ಟಿದವರ ಕಿವಿಗೆ ಎರಡು ಬಾಗಲಾ.

ಮಗಳು ಸ್ವಪ್ನಾಲಿ ನರ್ಸಿಂಗ್ ಫಾರ್ಮು ಸುರುಳಿ ಸುತ್ತಿ
ಗದ್ದಕ್ಕ ಆನಿಸಿಕೊಂಡು ನಿಂತಿದ್ಲು.
ಜಾತಿ ಸರ್ಟಿಫಿಕೇಟಿಗೆ ಇದು ನಾಲ್ಕನೇ ಸಲ.
ಹೊಲ ಇಲ್ಲ, ಉತಾರ ಇಲ್ಲ,
ಸಾಲಿ ಕಂಡವರು ನಮ್ಮ ಮನ್ಯಾಗ ನಾನೇ ಮೊದಲು.

ಇದ್ರಿ ಅನ್ನೂದಕ್ಕ ದಾಖಲೆ!

ಸಾಹೇಬ,
ನಮ್ಮ ಆಯಿ ಹುಲಗೆವ್ವ ಇಲ್ಲೇ ಅದಾಳ ಅನ್ನೂದನ್ನ
ದಿನಕ್ಕ ಮೂರು ಸಲ ಬರಕೊಂಡಾರ.
ಮುಂಜಾನೆ ಗಿರಣಿ ಭೋಂಗಾ ಕೂಗೂ ಮೊದಲು ಒಂದು ಹೆಬ್ಬೆಟ್ಟು,
ಮಧ್ಯಾಹ್ನ ರೊಟ್ಟಿ ಬಿಚ್ಚೂ ಹೊತ್ತಿಗೆ ಒಂದು,
ರಾತ್ರಿ ಕಂದೀಲು ಮಾರಿಗೆ ಹಿಡಿದು ಒಂದು.
ಸೆಟ್ಲಮೆಂಟಿನ ತಂತಿ ಬೇಲಿಯೊಳಗ ಹನ್ನೊಂದು ವರ್ಷ.
ಲೆಕ್ಕಾ ಹಾಕ್ರಿ.
ಈ ಊರಾಗ ಯಾವ ವಾಡೇದ ದೇಸಾಯಿನೂ
ಅಷ್ಟು ಸಲ ಇದ್ದಿಲ್ಲ.

ಏನು ಕದ್ದಿದ್ಲು ಅಂತ ಕೇಳಬ್ಯಾಡ್ರಿ.
ಹುಟ್ಟಿದ್ಲು. ಆ ಕಾಯಿದೇಕ್ಕ ಅಷ್ಟು ಸಾಕಾಗಿತ್ತು.
ಅದಕ್ಕೂ ಮೊದಲು
ಕತ್ತಿ ಮ್ಯಾಲೆ ಹಣಿಗಿ ಬುಟ್ಟಿ ಹೇರಿಕೊಂಡು
ಇಂಡಿ, ಅಕ್ಕಲಕೋಟ, ಆಳಂದ ಅಂತ ತಿರಗಾಕಿ,
ಮೂರು ಸೂಜಿ ಕಟ್ಟಿ ಹಚ್ಚಿ ಚುಚ್ಚಾಕಿ.
ಊರ ಹೆಣ್ಣುಮಕ್ಕಳ ತೋಳ ತುಂಬ
ಚೇಳು, ತುಳಸಿ ಕಟ್ಟಿ, ಸತ್ತ ಕೂಸಿನ ತೊಟ್ಟಿಲು.
ನೋವಾದ್ರ ಹಾಡಾಕಿ. ಕಾಳು ಕೊಟ್ಟಷ್ಟು ಇಸಕೊಳ್ಳಾಕಿ.
ಆಕಿ ಮಸಿ ಚಿತಿ ಮ್ಯಾಲೆ ಸುಟ್ಟ ಮ್ಯಾಲೇ ಹೋಗೂದು.
ಅವರ ಮಸಿ ಆಕಿ ಬೆಟ್ಟಿನಿಂದ
ಒಂದು ದಿನಾನೂ ಹೋಗಗೊಡಲಿಲ್ಲ.

ರೆಕಾರ್ಡ್ ರೂಮಿನ ಶಹಾಜಾದಿಬಾಯಿ
ಮೂಗಿಗೆ ಸೆರಗು ಕಟ್ಟಿ ನಿಚ್ಚಣಿಕಿ ಏರಿದ್ಲು.
ಗಂಟು ಇಳಸಿ ಧೂಳು ಬಡದು
ನೋಡವ್ವ, ಗೆದ್ದಲಿಗೂ ನಿಮ್ಮವರ ಹೆಬ್ಬೆಟ್ಟು ರುಚಿಸಿಲ್ಲ, ಅಂದ್ಲು.
ಸ್ವಪ್ನಾಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದ್ಲು:
ಹುಲಗೆವ್ವ, ಗಂಡ ಸಾಯಬಣ್ಣ, ನಂಬರ್ ಇನ್ನೂರಾ ಹದಿನಾಲ್ಕು.
ಪುಟದ ಮ್ಯಾಲೆ ಪುಟ, ಕರಿ ಹೆಬ್ಬೆಟ್ಟು,
ನಡುವ ಸೂಜಿ ಹರಿದ ಗಾಯದ್ದೊಂದು ಬಿಳಿ ಗೆರಿ.
ಆ ಗೆರಿ ನನಗ ಗೊತ್ತು. ನನ್ನ ಗಲ್ಲಕ್ಕ ಗೊತ್ತು.

ಸಂಕ್ರಾಂತಿ ಮುಂದಿನ ವಾರದಾಗ
ಮೂರು ಮನಿ ಖಾಲಿ.
ಮಗ್ಗಲಿಗೆ ಕೆಂಪು ಮಸಿ: ಗೈರು.
ಕೆಳಗ ಸಣ್ಣದಾಗಿ: ನಾಲ್ಕು ದಿನ ಕತ್ತಲ ಕೋಣಿ.

ಅವತ್ತು ಎಲ್ಲಿ ಹೋಗಿದ್ಲು?
ಹೋಟಗಿ ಹಾದ್ಯಾಗ ತಂಗಿ ಹಡೀತಿದ್ಲು, ಅಂತಿದ್ಲು ದೊಡ್ಡಮ್ಮ.
ಸ್ವಾತಂತ್ರ್ಯದವರ ಚೀಟಿ ಒಯ್ದಿದ್ಲು, ಅಂತಿದ್ದ ಮಾವ;
ಮಾವಗ ಪಿಂಚಣಿ ಆಸೆ ಇತ್ತು.
ಆಕೀನ ಒಂದು ಸಲ ಕೇಳಿದ್ದೆ.
ಬೀಡಿ ಎಲಿ ಕತ್ತರಸ್ತಾ, ತಲಿ ಎತ್ತದನ
ಸುಲಗಾಯಿ ತಿನ್ನಾಕ, ಅಂದ್ಲು.
ಕಡ್ಲಿ ಹೊಲದಾಗ ಬೆಳಕಾಗೂತನಕ ಕುಂತಿದ್ದೆ.
ಬೆಳಕಾದ ಮ್ಯಾಲೂ ಕುಂತೆ.
ಎಲಿ ಮ್ಯಾಲಿನ ಹುಳಿ ಇಬ್ಬನಿ
ಹಿಮ್ಮಡಿ ಬಿರುಕಿಗೆ ಹತ್ತಿ ಚುರುಚುರು ಅಂತಿತ್ತು,
ಯಾರೂ ಹೆಸರು ಕರೀಲಿಲ್ಲ.
ಮತ್ತ ಬೀಡಿ ಎಲಿ.

ಒಂದು ಪುಟ ಝೆರಾಕ್ಸ್ ಹಚ್ಚು, ಸಾಕು, ಅಂದ ಸಾಹೇಬ,
ಈಗ ದನಿ ಸ್ವಲ್ಪ ಮೆತ್ತಗಾಗಿತ್ತು.
ಯಾವ ಪುಟ?
ಇದು, ಅಂದೆ.
ಬೆರಳಿಟ್ಟು ನೋಡಿದ. ಇದರಾಗ ಆಕಿ ಇಲ್ಲಲ್ಲ?
ಅದಕ್ಕ, ಅಂದೆ.

ಸ್ವಪ್ನಾಲಿ ನನ್ನ ಸೆರಗು ಜಗ್ಗಿದ್ಲು, ಅವ್ವ ಸುಮ್ಮನಿರ ಅಂತ.
ಹಿಂದ ಮುಂದಿನ ದಿನಗಳ ಹೆಬ್ಬೆಟ್ಟು ಅದರಾಗ ಇದ್ದೇ ಇದ್ವು,
ಕಾಯಿದೇಕ್ಕ ಅಷ್ಟು ನಡೀತದ, ಅಂದ್ಲು ಶಹಾಜಾದಿಬಾಯಿ,
ಯಾರ ಕಡೆಗೂ ನೋಡದನ ಕಾಗದಾ ಒಳಗ ಇಟ್ಟಳು.

ಎರಡು ರೂಪಾಯಿ.
ಝೆರಾಕ್ಸಿನಾಗ ಕೆಂಪು ಮಸೀನೂ ಕರಿಯಾಗಿ ಬಂತು.
ಆ ಮೂರು ಮನಿ ಮಾತ್ರ ಹಂಗೇ ಇದ್ವು,
ಬೆಳ್ಳಗ,
ಕೈಯಾಗ ಹಿಡಿದ್ರ ಇನ್ನೂ ಬಿಸಿ.